ಕೆರೆಯಂಗಳದ ಗಾಲ್ಫ್: ಕೋಲು ಒಂದೇ, ಚೆಂಡು ಎರಡು

“ಸರ್ರ, ನಮ್ಮ ಹುಡುಗಗ ಗಾಲ್ಫ್ ಹುಚ್ಚು ಹಿಡದೈತ್ರಿ. ಅದರ ಸಾಮಾನಿಗೆ ಮೂವತ್ತು ಸಾವಿರ ಅಂತ. ಕೊಡಸ್ಲ್ಯೋ ಬ್ಯಾಡೋ, ನೀವ ಹೇಳ್ರಿ.”

ಹೋದ ಬೇಸಿಗೆಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಹಾನಗಲ್ಲಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಹೀಗೆ ಕೇಳಿದರು. ಗೋವಿನಜೋಳ ಮಾರಿದ ಹಣ ಆಗತಾನೇ ಕೈಗೆ ಬಂದಿತ್ತು. ಆ ಹಣಕ್ಕೆ ಬೇರೆ ದಾರಿಗಳೂ ಇದ್ದವು: ಸೊಸೈಟಿಯ ಕಂತು, ದೊಡ್ಡ ಮಗಳ ನರ್ಸಿಂಗ್ ಕೋರ್ಸಿನ ಫೀ. ಹುಡುಗ ಒಂಬತ್ತನೆಯ ತರಗತಿ. ಹುಚ್ಚು ಹಿಡಿಸಿದವನು ನಾನೇ ಆದ್ದರಿಂದ ಉತ್ತರ ಹೇಳುವ ಹೊಣೆಯೂ ನನ್ನ ಮೇಲೆಯೇ ಬಿತ್ತು. ಒಂದು ತಿಂಗಳು ಸಮಯ ಕೇಳಿದೆ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು – ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ತಿರುಗಾಡದ ಊರು ಕಡಿಮೆ. ಎಲ್ಲಿಯೂ ಗಾಲ್ಫ್ ಮೈದಾನ ಕಂಡಿಲ್ಲ. ಕೋಲಿನಿಂದ ಹೊಡೆಯುವ ಆಟವೆಂದರೆ ನಮ್ಮಲ್ಲಿ ಚಿಣಿಪಣಿ, ಅದರ ನಂತರ ಕ್ರಿಕೆಟ್. ನನಗೆ ಗಾಲ್ಫ್ ಪರಿಚಯಿಸಿದವರು ಶಿಗ್ಗಾವಿ ಕಡೆಯ ಒಬ್ಬ ನಿವೃತ್ತ ಹವಾಲ್ದಾರರು. ಸೈನ್ಯದ ಗಾಲ್ಫ್ ಮೈದಾನವೊಂದರ ಉಸ್ತುವಾರಿಯಲ್ಲಿ ಕೆಲವು ವರ್ಷ ಇದ್ದವರು. ಊರಿಗೆ ಮರಳುವಾಗ ಅಧಿಕಾರಿಯೊಬ್ಬರು ಬೇಡವೆಂದು ಬಿಟ್ಟ ಏಳನೇ ನಂಬರಿನ ಐರನ್ ಕೋಲನ್ನೂ ಒಂದು ಚೀಲ ಹಳೆ ಚೆಂಡುಗಳನ್ನೂ ತಂದಿದ್ದರು. ಚೆಂಡುಗಳು ಕಳೆದು ಕಳೆದು ಈಗ ಎರಡು ಉಳಿದಿವೆ. ಹಿಡಿಕೆಯ ರಬ್ಬರು ಸವೆದದ್ದಕ್ಕೆ ಸೈಕಲ್ ಟ್ಯೂಬ್ ಸುತ್ತಿದ್ದೇವೆ.

ಗಾಲ್ಫನ್ನು ನಾಲ್ವರು ಕೂಡಿ ಆಡುವುದು ವಾಡಿಕೆ. ನಮ್ಮದೂ ನಾಲ್ವರ ಗುಂಪು. ಹವಾಲ್ದಾರರು, ನಾನು, ಹಿರೇಕೆರೂರಿನ ಒಬ್ಬ ದೈಹಿಕ ಶಿಕ್ಷಕರು ಮತ್ತು ಸವಣೂರಿನ ಒಬ್ಬ ನಿವೃತ್ತ ಬ್ಯಾಂಕ್ ನೌಕರರು. ಸವಣೂರಿನವರು ಬರುವಾಗ ಅಲ್ಲಿಯ ಎಲೆ ತರುತ್ತಾರೆ. ಅವರ ಆಟಕ್ಕಿಂತ ಎಲೆಯೇ ಮೇಲು ಎಂದು ನಾವು ಚೇಷ್ಟೆ ಮಾಡುವುದುಂಟು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಅಂಗಳವೇ ನಮ್ಮ ಮೈದಾನ. ಐದು ಕುಳಿ ತೋಡಿ ಡಬ್ಬಿಗಳನ್ನು ಹೂತಿದ್ದೇವೆ. ನಿಯಮದ ಪ್ರಕಾರ ಕುಳಿಯ ಅಗಲ 108 ಮಿಲಿಮೀಟರ್. ನಮ್ಮ ಡಬ್ಬಿಗಳು ಅದಕ್ಕಿಂತ ತುಸು ದೊಡ್ಡವು ಎಂದು ಒಪ್ಪಿಕೊಳ್ಳುತ್ತೇನೆ.

ಹುಡುಗನ ಕಥೆ ಬೇರೆ. 2021ರ ಆಗಸ್ಟ್ 7ರಂದು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕಕ್ಕಾಗಿ ಆಡುವುದನ್ನು ಬೆಳಗಿನ ಜಾವ ಎದ್ದು ಟಿವಿಯಲ್ಲಿ ಕಂಡವರ ಪೈಕಿ ಅವನೂ ಒಬ್ಬ. ಆಗ ಸಣ್ಣ ತರಗತಿಯಲ್ಲಿದ್ದ. ಅದಿತಿ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ಅದಿತಿಯ ತಂದೆ ತಾಯಿ ಮೊದಲಿನಿಂದ ಗಾಲ್ಫ್ ಆಡುತ್ತಿದ್ದವರಲ್ಲ. ತಿಂಡಿಗೆಂದು ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಕಾಣುತ್ತಿತ್ತು. ಐದು ವರ್ಷದ ಮಗು ಅದೇನೆಂದು ಕೇಳಿತು. ಅಲ್ಲಿಂದ ಎಲ್ಲ ಶುರುವಾಯಿತು. ಈ ಸಂಗತಿ ಹುಡುಗನಿಗೆ ಬಾಯಿಪಾಠ. ಬೆಂಗಳೂರಿನವರೇ ಆದ ಸಿ. ಮುನಿಯಪ್ಪ ಬೇರೆಯವರ ಕೋಲಿನ ಚೀಲ ಹೊರುವ ಕ್ಯಾಡಿಯಾಗಿ ಆರಂಭಿಸಿ 2009ರಲ್ಲಿ ಇಂಡಿಯನ್ ಓಪನ್ ಗೆದ್ದದ್ದನ್ನು ನಾನು ಹೇಳಿದ್ದೆ. ಹೇಳಬಾರದಿತ್ತೇನೋ! ಬೆಂಗಳೂರಿನಲ್ಲಿ 1876ರಿಂದಲೂ ಗಾಲ್ಫ್ ಕ್ಲಬ್ ಇದೆ. ನಮ್ಮ ಹುಡುಗನಿಗೆ ಇರುವುದು ಬತ್ತಿದ ಕೆರೆ.

ಮೂವತ್ತು ಸಾವಿರಕ್ಕೆ ಏನು ಬರುತ್ತದೆ?

ಒಬ್ಬ ಆಟಗಾರ ಹೆಚ್ಚೆಂದರೆ 14 ಕೋಲುಗಳನ್ನು ಒಯ್ಯಬಹುದು. ದೂರದ ಹೊಡೆತಕ್ಕೆ ದಪ್ಪ ತಲೆಯ ಡ್ರೈವರ್, ನಡುವಿನ ದೂರಗಳಿಗೆ ಐರನ್‌ಗಳು, ಕುಳಿಯ ಬಳಿ ಚೆಂಡನ್ನು ಉರುಳಿಸಲು ಪಟರ್. ಚೆಂಡು ನಿಂಬೆಹಣ್ಣಿನ ಗಾತ್ರದ್ದು: ವ್ಯಾಸ 42.67 ಮಿಲಿಮೀಟರಿಗೆ ಕಡಿಮೆ ಇರಬಾರದು, ತೂಕ 45.93 ಗ್ರಾಂ ಮೀರಬಾರದು.

ಈಗ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಲಿ. ಡ್ರೈವರಿನ ತಲೆಯ ತೂಕ ಸುಮಾರು 200 ಗ್ರಾಂ, ಚೆಂಡು 46 ಗ್ರಾಂ. ಪುಟಿಯುವ ಗುಣವನ್ನು ಸೂಚಿಸುವ ಅಂಕಿಗೆ ನಿಯಮಗಳು ಸುಮಾರು 0.83ರಲ್ಲಿ ಕಡಿವಾಣ ಹಾಕಿವೆ. ಸಂವೇಗ ಸಂರಕ್ಷಣೆಯ ನಿಯಮವನ್ನು ಹಚ್ಚಿದರೆ, 1.83ನ್ನು 1.23ರಿಂದ ಭಾಗಿಸಬೇಕು, ಉತ್ತರ ಸುಮಾರು ಒಂದೂವರೆ. ಎಂದರೆ, ಕೋಲಿನ ತಲೆಯ ವೇಗದ ಒಂದೂವರೆ ಪಟ್ಟು ವೇಗದಲ್ಲಿ ಚೆಂಡು ಹೊರಡುತ್ತದೆ. ಎಷ್ಟೇ ದುಬಾರಿ ಕೋಲಾದರೂ ಇದೇ ಮೇಲಿನ ಮಿತಿ. ತಲೆಯ ತೂಕವನ್ನು 400 ಗ್ರಾಂಗೆ ಏರಿಸಿ ಮತ್ತೆ ಲೆಕ್ಕ ಮಾಡಿ ನೋಡಿ. ವೇಗ ಹತ್ತನೆಯ ಒಂದು ಭಾಗದಷ್ಟು ಮಾತ್ರ ಹೆಚ್ಚುತ್ತದೆ. ಅದೂ ಅಷ್ಟು ಭಾರದ ಕೋಲನ್ನು ಮೊದಲಿನ ವೇಗದಲ್ಲೇ ಬೀಸಬಲ್ಲಿರಾದರೆ! ಬೀಸುವ ವೇಗ ಅಂಗಡಿಯಲ್ಲಿ ಸಿಗುವುದಿಲ್ಲ.

ಹಾಗಾದರೆ ದುಡ್ಡು ಪೂರ್ತಿ ದಂಡವೇ? ಅಲ್ಲ. ದುಡ್ಡು ಕೊಳ್ಳುವುದು ಕ್ಷಮೆಯನ್ನು. ಕೋಲಿನ ನಟ್ಟನಡುವೆ ತಾಗದ ಚೆಂಡು ತಲೆಯನ್ನು ತಿರುಚುತ್ತದೆ, ಅಡ್ಡದಾರಿ ಹಿಡಿಯುತ್ತದೆ. ಹಗ್ಗದ ಮೇಲೆ ನಡೆಯುವ ದೊಂಬರಾಟದವರು ಉದ್ದನೆಯ ಬಿದಿರನ್ನು ಅಡ್ಡ ಹಿಡಿಯುವುದೇಕೆ? ತೂಕ ನಡುವಿನಿಂದ ದೂರ ಹರಡಿದಷ್ಟೂ ತಿರುಗುವುದು ಕಷ್ಟ. ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್ಹೈಮ್ ಎಂಬವರು ಇದೇ ತತ್ತ್ವ ಹಿಡಿದು ಪಟರಿನ ತೂಕವನ್ನು ಎರಡೂ ತುದಿಗಳಿಗೆ ಸರಿಸಿದರು. ಈಗಿನ ಕೋಲುಗಳು ಬಹುಮಟ್ಟಿಗೆ ಆ ದಾರಿಯಲ್ಲೇ ಬಂದಿವೆ. ಕಲಿಯುವವನ ತಪ್ಪನ್ನು ಅವು ಸ್ವಲ್ಪ ಮುಚ್ಚುತ್ತವೆ. ನಮ್ಮ ಹಳೆಯ ಐರನ್ ಯಾವ ತಪ್ಪನ್ನೂ ಮುಚ್ಚುವುದಿಲ್ಲ. ನಡು ತಪ್ಪಿದರೆ ಅಂಗೈ ಝುಂ ಎನ್ನುತ್ತದೆ. ಮೇಷ್ಟರಾಗಿ ನನಗೆ ಅದೇ ಇಷ್ಟ, ತಂದೆಯಾಗಿದ್ದರೆ ಏನೆನ್ನುತ್ತಿದ್ದೆನೋ.

ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಹಳೆಯ ಏಳನೇ ನಂಬರಿನ ಐರನ್ನಿನ ಮುಖ ಮೂವತ್ತೈದು ಡಿಗ್ರಿಗೂ ಮೀರಿ ಹಿಂದಕ್ಕೆ ವಾಲಿರುತ್ತಿತ್ತು. ಇಂದು ಅದೇ ಏಳರ ಅಂಕಿ ಹೊತ್ತ ಎಷ್ಟೋ ಕೋಲುಗಳ ಮುಖ ಮೂವತ್ತರ ಆಸುಪಾಸಿನಲ್ಲಿದೆ. ಅದು ಹಿಂದಿನ ಐದನೇ ನಂಬರಿನ ಕೋನ. ಹೊಸ ಏಳು ಹೆಚ್ಚು ದೂರ ಹೊಡೆಯುತ್ತದೆ ಎಂದು ಅಂಗಡಿಯವರು ಹೇಳಿದರೆ ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಚೆಂಡಿನ ಮೈಮೇಲಿನ ಸಿಡುಬಿನ ಕಲೆ

ಗಾಲ್ಫ್ ಚೆಂಡಿನ ಮೈತುಂಬ ಮುನ್ನೂರಕ್ಕೂ ಮಿಕ್ಕಿದ ಗುಳಿಗಳು. ಮೊದಲು ತೊಗಲಿನೊಳಗೆ ಗರಿ ತುರುಕಿ ಚೆಂಡು ಮಾಡುತ್ತಿದ್ದರು. 1848ರ ಸುಮಾರಿಗೆ ಗಟ್ಟಾಪರ್ಚಾ ಎಂಬ ಮರದ ಹಾಲಿನ ನುಣುಪು ಚೆಂಡು ಬಂತು. ಆಟಗಾರರು ಒಂದು ವಿಚಿತ್ರ ಕಂಡರು. ಹೊಸ ಚೆಂಡಿಗಿಂತ ಏಟು ತಿಂದು ಗೀರು ಬಿದ್ದ ಹಳೆ ಚೆಂಡೇ ಚೆನ್ನಾಗಿ ಹಾರುತ್ತಿತ್ತು! ಹೊಸ ಚೆಂಡಿಗೆ ಸುತ್ತಿಗೆಯಿಂದ ಬಡಿದು ಗುರುತು ಹಾಕತೊಡಗಿದರು. 1905ರಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಗುಳಿಗಳ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದರು.

ಕಾರಣ ಗಾಳಿಯಲ್ಲಿದೆ. ಹಾರುವ ಚೆಂಡಿನ ಬೆನ್ನ ಹಿಂದೆ ಗಾಳಿ ಕಲಕಿ, ಅಲ್ಲಿ ಒತ್ತಡ ಕಡಿಮೆಯಾಗಿ ಚೆಂಡನ್ನು ಹಿಂದಕ್ಕೆ ಜಗ್ಗುತ್ತದೆ. ಗುಳಿಗಳಿದ್ದರೆ ಗಾಳಿಯ ಪದರ ಚೆಂಡಿಗೆ ಇನ್ನಷ್ಟು ಹೊತ್ತು ಅಂಟಿಕೊಂಡು ಸಾಗುತ್ತದೆ, ಬೆನ್ನ ಹಿಂದಿನ ಕಲಕು ಕಿರಿದಾಗುತ್ತದೆ. ನುಣುಪು ಚೆಂಡು ಸರಿಸುಮಾರು ಅರ್ಧ ದೂರಕ್ಕೇ ಬೀಳುತ್ತದೆ. ಜೊತೆಗೆ, ವಾಲಿದ ಮುಖದ ಕೋಲು ತಾಗಿದಾಗ ಚೆಂಡು ಹಿಮ್ಮುಖವಾಗಿ ಸುತ್ತತೊಡಗುತ್ತದೆ. ಆ ಸುತ್ತು ಅದನ್ನು ಮೇಲಕ್ಕೆತ್ತಿ ಹಿಡಿಯುತ್ತದೆ. ಎಡಿನ್‌ಬರೋದ ಭೌತಶಾಸ್ತ್ರ ಪ್ರಾಧ್ಯಾಪಕ ಪಿ.ಜಿ. ಟೇಟ್ 1890ರ ದಶಕದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಅವರ ಮಗ ಫ್ರೆಡ್ಡಿ 1896 ಮತ್ತು 1898ರಲ್ಲಿ ಬ್ರಿಟನ್ನಿನ ಹವ್ಯಾಸಿಗಳ ಚಾಂಪಿಯನ್. ಮನೆಯಲ್ಲೇ ಪ್ರಯೋಗಶಾಲೆ ಇದ್ದಂತೆ!

ಗಾಳಿಯೇ ಇಲ್ಲದಿದ್ದರೆ? 1971ರ ಫೆಬ್ರುವರಿಯಲ್ಲಿ ಅಪೊಲೊ 14ರ ಅಲನ್ ಶೆಪರ್ಡ್ ಚಂದ್ರನ ಮೇಲೆ ಎರಡು ಚೆಂಡು ಹೊಡೆದರು. ದಪ್ಪ ಉಡುಪಿನಿಂದಾಗಿ ಒಂದೇ ಕೈಯಲ್ಲಿ ಬೀಸಬೇಕಾಯಿತು. ಮೈಲಿಗಟ್ಟಲೆ ಹೋದವೆಂದು ಬಹಳ ಕಾಲ ದಂತಕಥೆ. 2021ರಲ್ಲಿ ಹಳೆಯ ಚಿತ್ರಗಳನ್ನು ಪರಿಶೀಲಿಸಿ ಅಳೆದಾಗ ಮೊದಲನೆಯದು ಸುಮಾರು 22 ಮೀಟರ್, ಎರಡನೆಯದು ಸುಮಾರು 37 ಮೀಟರ್ ಎಂದು ತಿಳಿಯಿತು. ನಮ್ಮ ಸವಣೂರಿನವರಿಗೆ ಈ ಸುದ್ದಿ ಬಹಳ ಸಮಾಧಾನ ತಂದಿದೆ.

ಎತ್ತಲು ಹೋಗಬೇಡಿ

ಹವಾಲ್ದಾರರು ನನಗೆ ಮೊದಲ ದಿನ ಹೇಳಿದ್ದು ಇಷ್ಟೇ: “ಸರ್ರ, ಚೆಂಡು ಎತ್ತಾಕ ಹೋಗಬ್ಯಾಡ್ರಿ. ಎತ್ತೂದು ಕೋಲಿನ ಕೆಲಸ.” ಆರು ತಿಂಗಳು ನನಗದು ತಲೆಗೆ ಹೋಗಲಿಲ್ಲ. ಚೆಂಡು ನೆಲದ ಮೇಲಿದೆ, ಆಕಾಶಕ್ಕೆ ಹೋಗಬೇಕಿದೆ. ಮನಸ್ಸು ತಾನಾಗಿ ಮೈಯನ್ನು ಹಿಂದಕ್ಕೆ ವಾಲಿಸಿ ಕೋಲನ್ನು ಮೇಲಕ್ಕೆ ಎಳೆಯುತ್ತದೆ. ಆಗ ಕೋಲು ಚೆಂಡಿನ ಹಿಂದಿನ ಮಣ್ಣು ಅಗೆಯುತ್ತದೆ, ಇಲ್ಲವೇ ಚೆಂಡಿನ ನೆತ್ತಿ ಸವರಿ ಹೋಗುತ್ತದೆ. ಐರನ್ ಕೋಲು ತುಸು ಕೆಳಮುಖವಾಗಿಯೇ ಬಂದು ಮೊದಲು ಚೆಂಡಿಗೆ, ಆಮೇಲೆ ನೆಲಕ್ಕೆ ತಾಗಬೇಕು. ತಾಗುವ ಹೊತ್ತು ಒಂದು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು. ಅಷ್ಟರಲ್ಲಿ ನೀವು ಏನನ್ನೂ ತಿದ್ದಲಾರಿರಿ. ತಿದ್ದುವುದೇನಿದ್ದರೂ ಅದಕ್ಕೆ ಮೊದಲೇ.

ಎರಡನೆಯದು ಮಣಿಕಟ್ಟು. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವವರು ಕವಣೆ ಬೀಸುವುದನ್ನು ಗಮನಿಸಿದ್ದೀರಾ? ತೋಳು ಮೊದಲು ಹೊರಡುತ್ತದೆ, ಹಗ್ಗ ಹಿಂದೆ ಬರುತ್ತದೆ, ಕೊನೆಯ ಗಳಿಗೆಯಲ್ಲಿ ಹಗ್ಗ ಮುಂದೆ ನುಗ್ಗಿ ಕಲ್ಲು ಹಾರುತ್ತದೆ. ಗಾಲ್ಫಿನಲ್ಲೂ ತೋಳು ಒಂದು ಲೋಲಕ, ಅದರ ತುದಿಗೆ ಕಟ್ಟಿದ ಕೋಲು ಇನ್ನೊಂದು ಲೋಲಕ. ಮಣಿಕಟ್ಟನ್ನು ಬಿಗಿ ಹಿಡಿದರೆ ಎರಡನೆಯದು ಸತ್ತಂತೆ. ಹೊಸಬರ ಹಿಡಿತ ಯಾವಾಗಲೂ ಬಿಗಿ. ಹುಡುಗನಿಗೆ ನಾನು ಹೇಳಿದ್ದು, ಕೈಯಲ್ಲಿ ಕೋಳಿಮರಿ ಹಿಡಿದಂತೆ ಹಿಡಿ ಎಂದು. ಚಿಣಿಪಣಿ ಆಡಿದ ಕೈಯಾದ್ದರಿಂದ ಬೇಗ ಕಲಿತ. ಗಾಳಿಯಲ್ಲಿ ಎದ್ದ ಚಿಣಿಯನ್ನು ಹೊಡೆಯುವವನಿಗೆ ನಿಂತ ಚೆಂಡು ಯಾವ ಲೆಕ್ಕ?

ಆದರೆ ಹೊಡೆತದ ಖುಷಿಯಲ್ಲಿ ಒಂದು ಸಂಗತಿ ಮರೆತುಹೋಗುತ್ತದೆ. ವೃತ್ತಿಪರರ ಡ್ರೈವರ್ ಹೊಡೆತದಲ್ಲಿ ಚೆಂಡು ಗಂಟೆಗೆ 250 ಕಿ.ಮೀ. ಮೀರಿದ ವೇಗದಲ್ಲಿ ಹೊರಡುತ್ತದೆ. ನಮ್ಮ ಐರನ್ನಿನದು ಅಷ್ಟಿಲ್ಲ, ಆದರೂ ಕಲ್ಲಿನೇಟೇ. ಎರಡು ವರ್ಷದ ಹಿಂದೆ ನನ್ನ ಚೆಂಡೊಂದು ಬಲಕ್ಕೆ ಹೊರಳಿ, ಹುಲ್ಲಿನ ಹೊರೆ ಹೊತ್ತು ಏರಿ ಇಳಿಯುತ್ತಿದ್ದ ಹೆಂಗಸಿನ ಹೊರೆಗೆ ಬಡಿಯಿತು. ಒಂದು ಗೇಣು ಕೆಳಗಾಗಿದ್ದರೆ ಹಣೆ. ಆಕೆ ಹೊರೆ ಇಳಿಸಿ, ಚೆಂಡು ಹೆಕ್ಕಿ, ನನ್ನ ಕೈಗೇ ತಂದುಕೊಟ್ಟು, “ಮಾಸ್ತರ್ರ, ನೋಡಿ ಆಡ್ರಿ” ಎಂದಷ್ಟೇ ಹೇಳಿ ಹೋದರು. ತಿಂಗಳುಗಟ್ಟಲೆ ನಾನು ಕೋಲು ಮುಟ್ಟಲಿಲ್ಲ. ಈಗ ದೈಹಿಕ ಶಿಕ್ಷಕರು ಸೀಟಿ ಹಿಡಿದು ಏರಿಯ ಮೇಲೆ ನಿಲ್ಲುತ್ತಾರೆ. ಸೀಟಿ ಊದುವವರೆಗೆ ಯಾರೂ ಬೀಸುವಂತಿಲ್ಲ, ಬೀಸುವವನ ಹಿಂದೆ ಮುಂದೆ ಯಾರೂ ನಿಲ್ಲುವಂತಿಲ್ಲ. ಮಕ್ಕಳನ್ನು ಕಳಿಸುವ ತಾಯ್ತಂದೆಯರು ಕೋಲಿನ ಬೆಲೆಗೆ ಮೊದಲು ಇದನ್ನು ವಿಚಾರಿಸಲಿ.

ಪಂಚರಿಲ್ಲದ ಆಟ

ಉಳಿದಂತೆ ನಮ್ಮ ಆಟ ಸರಳ. ಚೆಂಡು ಬಿದ್ದಲ್ಲಿಂದಲೇ ಆಡಬೇಕು. ಸಗಣಿಯಲ್ಲಿ ಬಿದ್ದರೆ ಮಾತ್ರ ಎತ್ತಿ ಪಕ್ಕಕ್ಕಿಡಬಹುದು ಎಂಬುದು ನಮ್ಮ ಸ್ಥಳೀಯ ತಿದ್ದುಪಡಿ. ಎಮ್ಮೆ ದಾರಿಗೆ ಅಡ್ಡ ಮಲಗಿದ್ದರೆ ಅದು ಏಳುವವರೆಗೆ ಎಲೆ ಅಡಿಕೆ.

ಲೆಕ್ಕ ಬರೆಯಲು ಇಲ್ಲಿ ಪಂಚರಿಲ್ಲ. ಅವರವರ ಹೊಡೆತ ಅವರವರೇ ಎಣಿಸಬೇಕು. ಒಮ್ಮೆ ಮೂರನೆಯ ಕುಳಿಯಲ್ಲಿ ನಾನು ಹುಡುಗನಿಗೆ ಏಳು ಎಂದು ಬರೆದೆ. ಅವನು ಸ್ವಲ್ಪ ದೂರ ನಡೆದು ತಿರುಗಿ ಬಂದ. “ಎಂಟ್ ಬರೀರಿ ಸರ್ರ. ಹುಲ್ಲಾಗ ಒಂದ್ ಸಲ ಬೀಸಿದ್ದು ಚೆಂಡಿಗೆ ತಾಗಲೇ ಇಲ್ಲ.” ಹೊಡೆಯುವ ಉದ್ದೇಶದಿಂದ ಬೀಸಿದರೆ ತಾಗದಿದ್ದರೂ ಅದು ಒಂದು ಹೊಡೆತವೇ. ಆ ನಿಯಮ ಹೇಳಿಕೊಟ್ಟವನು ನಾನೇ, ಮರೆತಿದ್ದವನೂ ನಾನೇ.

ತಂದೆಗೆ ಕೊಟ್ಟ ಉತ್ತರ

ಆ ತಿಂಗಳಿನಲ್ಲಿ ಹುಡುಗನಿಗೆ ಒಂದು ಲೆಕ್ಕ ಕೊಟ್ಟೆ. ಹದಿನೆಂಟು ಕುಳಿಯ ಮೈದಾನದಲ್ಲಿ ಸಾಮಾನ್ಯವಾಗಿ 72 ಹೊಡೆತ ಎಂದರೆ ಪಾರ್. ಅದರಲ್ಲಿ ಪ್ರತಿ ಕುಳಿಗೂ ಪಟರಿನಿಂದ ಎರಡು ಹೊಡೆತ ಸೇರಿರುತ್ತವೆ. ಒಟ್ಟು ಮೂವತ್ತಾರು, ಆಟದ ಅರ್ಧ! ಟೋಕಿಯೋದಲ್ಲಿ ಅದಿತಿ ದೂರ ಹೊಡೆಯುವವರ ಸಾಲಿನಲ್ಲಿರಲಿಲ್ಲ. ಒಲಿಂಪಿಕ್ಸ್‌ಗೆ ಮುಂಚೆ ಕೋವಿಡ್‌ನಿಂದ ನರಳಿ ಶಕ್ತಿಯೂ ಕುಂದಿತ್ತು. ಅವರನ್ನು ನಾಲ್ಕನೆಯ ಸ್ಥಾನದವರೆಗೆ ಒಯ್ದದ್ದು ಬಹುಪಾಲು ಪಟರ್. ಆ ಕೋಲಿಗೆ ತೋಳ್ಬಲ ಬೇಕಿಲ್ಲ.

ಹುಡುಗ ಬಡಿಗೇರರ ಮನೆಗೆ ಹೋಗಿ ಜಾಲಿ ಮರದ ತುಂಡೊಂದನ್ನು ಇಟ್ಟಿಗೆಯ ಅರ್ಧದಷ್ಟು ಗಾತ್ರಕ್ಕೆ ಕೆತ್ತಿಸಿ ಬೆತ್ತ ಕೂಡಿಸಿದ. ಮೊದಲು ಹಾಗೆಯೇ ಹೊಡೆದ. ನಡುವಿನಿಂದ ಒಂದು ಬೆರಳು ಆಚೆ ತಾಗಿದರೂ ಚೆಂಡು ದಾರಿ ತಪ್ಪುತ್ತಿತ್ತು. ಆಮೇಲೆ ಎರಡೂ ತುದಿಗೆ ಟ್ರ್ಯಾಕ್ಟರಿನ ಹಳೆ ನಟ್‌ಗಳನ್ನು ಬಿಗಿದ. ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಎರಡನ್ನೂ ಹೋಲಿಸಿ ನೋಟ್‌ಬುಕ್ಕಿನಲ್ಲಿ ಬರೆದು ತಂದ. ನಟ್ ಬಿಗಿದ ಮೇಲೆ ತಪ್ಪುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿತ್ತು. ಖರ್ಚು, ಬಡಿಗೇರರಿಗೆ ಕೊಟ್ಟ ನೂರು ರೂಪಾಯಿ.

ತಂದೆಗೆ ನಾನು ಹೇಳಿದ್ದು: ಈಗ ಕೊಡಿಸಬೇಡಿ. ಬೆಳೆಯುವ ಹುಡುಗ, ಇಂದು ಕೊಂಡ ಕೋಲು ಎರಡು ವರ್ಷಕ್ಕೆ ಗಿಡ್ಡವಾಗುತ್ತದೆ. ಮಗಳ ಫೀ ಕಟ್ಟಿ. ಹತ್ತನೆಯ ತರಗತಿ ಮುಗಿಯುವವರೆಗೆ ಐರನ್ ಅವನ ಬಳಿಯೇ ಇರಲಿ. ಆಮೇಲೂ ಹುಚ್ಚು ಇಳಿಯದಿದ್ದರೆ ಬೆಂಗಳೂರಿಗೋ ಮೈಸೂರಿಗೋ ಕರೆದೊಯ್ದು ನಿಜವಾದ ಹುಲ್ಲಿನ ಮೇಲೆ ಒಂದು ದಿನ ನಿಲ್ಲಿಸೋಣ. ಬಸ್ ಚಾರ್ಜು ನನ್ನದು. ಹುಡುಗನ ಮುಖ ಸಣ್ಣದಾಯಿತು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ನನ್ನ ಉತ್ತರ ಸರಿಯೇ ತಪ್ಪೇ ಎಂಬ ಅಳುಕು ನನಗೆ ಈಗಲೂ ಇದೆ. ಮುನಿಯಪ್ಪನವರಿಗಾಗಲಿ ಅದಿತಿಯವರಿಗಾಗಲಿ ಮೈದಾನ ಕಣ್ಣಳತೆಯಲ್ಲಿತ್ತು.

ಮೂರನೆಯ ದಿನ ಅವನೇ ಬಂದ. ಈ ಸಲದ ಮಳೆಗೆ ನಮ್ಮ ಕೆರೆ ತುಂಬಿದೆ. ಐದೂ ಡಬ್ಬಿಗಳು, ನನ್ನದೊಂದು ಚೆಂಡು ನೀರಿನಡಿ ಇವೆ. ಉಳಿದ ಒಂದು ಚೆಂಡು ಹುಡುಗನ ಹತ್ತಿರ. ಸಂಜೆ ಸಗಣಿ ಸಾರಿಸಿದ ಅಂಗಳದಲ್ಲಿ ಅವನು ಪಟರ್ ಹಿಡಿದರೆ, ತಂದೆ ಎದುರು ಕುಕ್ಕರಗಾಲಿನಲ್ಲಿ ಕುಳಿತು ಚೆಂಡು ಹಿಂದಕ್ಕೆ ಉರುಳಿಸುತ್ತಾರಂತೆ.