ಕವಣೆಗಲ್ಲು ಮತ್ತು ಮೈನಸ್ ಉತ್ತರ

ವರ್ಗಸಮೀಕರಣ ಬಿಡಿಸಿದರೆ ಎರಡು ಉತ್ತರ ಬರುತ್ತವೆ. ಕಾಲದ ಲೆಕ್ಕದಲ್ಲಿ ಮೈನಸ್ ಬಂದರೆ ಹೊಡೆದುಹಾಕಲು ಹೇಳುತ್ತಾರೆ. ಹಾಗಾದರೆ ಅದು ಸುಳ್ಳು ಉತ್ತರವೇ? ರಾಮದುರ್ಗದ ಕಡೆಯ ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬರ ಪ್ರಶ್ನೆಯಿದು. ಸುಳ್ಳಲ್ಲ. ಅದಕ್ಕೂ ಅರ್ಥವಿದೆ.

ಸವದತ್ತಿ, ರಾಮದುರ್ಗದ ಎರೆ ಹೊಲಗಳಲ್ಲಿ ಬಿಳಿಜೋಳದ ತೆನೆ ಹಾಲುಗಾಳಾದಾಗ ಅಟ್ಟದ ಮೇಲೆ ನಿಂತು, ಕವಣೆ ಬೀಸಿ ಹಕ್ಕಿ ಓಡಿಸುವುದುಂಟು. ಕಲ್ಲು ಕವಣೆ ಬಿಡುವಾಗ ನೆಲದಿಂದ 3 ಮೀಟರ್ ಮೇಲಿದೆ, ಮೇಲ್ಮುಖ ವೇಗ ಸೆಕೆಂಡಿಗೆ 14 ಮೀಟರ್ ಎಂದಿಟ್ಟುಕೊಳ್ಳಿ. ಗುರುತ್ವವನ್ನು 10 ಎಂದು ಹಿಡಿದು, ಗಾಳಿಯ ತಡೆಯನ್ನು ಬಿಟ್ಟರೆ, t ಸೆಕೆಂಡಿನ ನಂತರದ ಎತ್ತರ −5t² + 14t + 3.

ಕೊನೆಯ 3 ಕಲ್ಲು ಹೊರಟ ಎತ್ತರ. t² ಹಿಂದಿನ ಮೈನಸ್ ಗುರುತ್ವದ್ದು. ಈ ಎತ್ತರದ ನಕ್ಷೆಯಾದ ಪರವಲಯ ಬೋರಲಾಗಿರುವುದು ಅದರಿಂದಲೇ. ನೆಲ ಮುಟ್ಟುವ ಹೊತ್ತು ಬೇಕಾದರೆ ಎತ್ತರವನ್ನು ಸೊನ್ನೆ ಮಾಡಿ ಶ್ರೀಧರಾಚಾರ್ಯರ ವಿಧಾನ ಹಿಡಿಯಬೇಕು. ಎರಡೂ ಬದಿಯನ್ನು ವರ್ಗಪದದ ಸಹಗುಣಕದ ನಾಲ್ಕು ಪಟ್ಟಿನಿಂದ ಗುಣಿಸಿ ವರ್ಗ ಪೂರ್ಣಗೊಳಿಸುವ ಈ ಜಾಣ್ಮೆ ನಮಗೆ ಉಳಿದದ್ದು 12ನೇ ಶತಮಾನದ ಭಾಸ್ಕರಾಚಾರ್ಯರು 'ಬೀಜಗಣಿತ'ದಲ್ಲಿ ಉಲ್ಲೇಖಿಸಿದ್ದರಿಂದ. ಉತ್ತರ: 3 ಮತ್ತು −0.2.

ಇವೆರಡರ ನಟ್ಟನಡುವೆ, 1.4 ಸೆಕೆಂಡಿಗೆ, ಕಲ್ಲು ತುತ್ತತುದಿಯಲ್ಲಿರುತ್ತದೆ: 12.8 ಮೀಟರ್. ಅದೇ ಪರವಲಯದ ಶೃಂಗ. ಏರಿದಷ್ಟೇ ಹೊತ್ತಿನಲ್ಲಿ ಇಳಿದು, 2.8ನೇ ಸೆಕೆಂಡಿಗೆ ಮತ್ತೆ ಹೊರಟ ಎತ್ತರಕ್ಕೆ ಬರುತ್ತದೆ. ಉಳಿದ 3 ಮೀಟರ್ ಇಳಿಯಲು ಬೇಕಾದದ್ದು 0.2 ಸೆಕೆಂಡ್. ಮೈನಸ್ ಉತ್ತರದಲ್ಲಿ ಅಡಗಿದ್ದ ಸಂಖ್ಯೆ ಇದೇ! ಕಲ್ಲು ಇದೇ ದಾರಿಯಲ್ಲಿ ನೆಲದಿಂದಲೇ ಬಂದಿದ್ದರೆ 0.2 ಸೆಕೆಂಡ್ ಮೊದಲೇ ಹೊರಟಿರಬೇಕಿತ್ತು ಎನ್ನುತ್ತದೆ ಅದು.

ಕಲ್ಲು ಹೋಗುವ ದೂರದ ಲೆಕ್ಕದಲ್ಲೂ ಹೀಗೇ ಅರ್ಥ ಕೇಳಿಕೊಳ್ಳಬೇಕು. 45 ಡಿಗ್ರಿಯಲ್ಲಿ ಎಸೆದರೆ ಅತಿ ದೂರ ಎಂದು ಇಟಲಿಯ ತಾರ್ತಾಲಿಯಾ 1537ರಲ್ಲೇ ಬರೆದ. ದಾರಿ ಪರವಲಯವೆಂಬ ಸಾಧನೆಯನ್ನು ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ. ಆದರೆ ಆ 45 ಹೊರಟ ಎತ್ತರಕ್ಕೇ ಬಂದು ಬೀಳುವ ಕಲ್ಲಿಗೆ ಮಾತ್ರ. ಅಟ್ಟದ ಮೇಲಿನ ನಮ್ಮ ಕಲ್ಲಿಗೆ ಅಷ್ಟೇ ರಭಸದಲ್ಲಿ 43 ಡಿಗ್ರಿ ಸಾಕು. 45ಕ್ಕೆ (ಆಗ ಮುಮ್ಮುಖ ವೇಗವೂ 14) 42 ಮೀಟರ್ ಹೋಗುವುದು, 43ಕ್ಕೆ ಸುಮಾರು 9 ಸೆಂಟಿಮೀಟರ್ ಹೆಚ್ಚು ಹೋಗುತ್ತದೆ. ಲಾಭ ಒಂದು ಗೇಣೂ ಇಲ್ಲ, ನಿಜ. ಆದರೂ ಸೂತ್ರಕ್ಕೊಂದು ಷರತ್ತಿದೆ ಎಂದು ತಿಳಿಯುವುದೇ ಗಣಿತ ಕಲಿಕೆಯ ತಿರುಳು. ಆದ್ದರಿಂದ ಮೈನಸ್ ಉತ್ತರವನ್ನು ಹೊಡೆದುಹಾಕಿ, ಆದರೆ ಅದು ಏನು ಹೇಳುತ್ತಿದೆ ಎಂದು ಕೇಳಿಕೊಂಡ ಮೇಲೆ.