ಮೇವು ರೂಪಿಸಿದ ಹಲ್ಲು

ಎತ್ತಿನ ವಯಸ್ಸನ್ನು ಹಲ್ಲಿನಿಂದ ಅಳೆಯುವ ಪದ್ಧತಿ ಕರ್ನಾಟಕದ ಎಲ್ಲ ದನದ ಸಂತೆಗಳಲ್ಲಿರುವಂತೆ, ಹುಬ್ಬಳ್ಳಿಯ ನವನಗರಕ್ಕೆ ಹತ್ತಿರದ ಅಮರಗೋಳದ ಎಪಿಎಂಸಿ ಪ್ರಾಂಗಣದ ಜಾನುವಾರು ಮಾರುಕಟ್ಟೆಯಲ್ಲಿಯೂ ಇದೆ. ಸುಮಾರು ಎರಡು ವರ್ಷಕ್ಕೆ ಕೆಳದವಡೆಯ ನಡುವಿನ ಒಂದು ಜೊತೆ ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಬಂದಾಗ ಹೋರಿ ‘ಎರಡು ಹಲ್ಲಿನದು’ ಎನಿಸುತ್ತದೆ. ನಾಲ್ಕರಿಂದ ಐದು ವರ್ಷದೊಳಗೆ ನಾಲ್ಕೂ ಜೊತೆ ತುಂಬಿದಾಗ ಅದು ‘ಬಾಯಿಗೂಡಿದೆ’ ಎನ್ನುತ್ತಾರೆ. ಎಮ್ಮೆಗಳಲ್ಲಿ ಈ ಬದಲಾವಣೆ ಕೆಲವು ತಿಂಗಳು ತಡವಾಗಿ ನಡೆಯುತ್ತದೆ. ರೈತರ ಈ ಲೆಕ್ಕವೆಲ್ಲ ಕೆಳಗಿನ ಹಲ್ಲುಗಳದ್ದೇ ಆಗಿರುವುದಕ್ಕೆ ಕಾರಣವೆಂದರೆ, ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳೇ ಇಲ್ಲ.

ಆ ಜಾಗದಲ್ಲಿ ಗಡುಸಾದ ವಸಡಿನ ಮೆತ್ತೆಯಿರುತ್ತದೆ. ದನವು ಹುಲ್ಲನ್ನು ನಾಲಿಗೆಯಿಂದ ಸುತ್ತಿ ಸೆಳೆದು, ಕೆಳಗಿನ ಬಾಚಿಹಲ್ಲುಗಳಿಗೂ ಈ ಮೆತ್ತೆಗೂ ನಡುವೆ ಒತ್ತಿಹಿಡಿದು ಕಿತ್ತುಕೊಳ್ಳುತ್ತದೆ. ಅರೆಯುವ ಕೆಲಸವೆಲ್ಲ ಹಿಂದಿನ 24 ದವಡೆಹಲ್ಲುಗಳದ್ದು. ಮುಂದಿನ ಎಂಟು ಸೇರಿದರೆ ಒಟ್ಟು 32. ಹುಲ್ಲಿನ ಜಾತಿಯ ಸಸ್ಯಗಳಲ್ಲಿ, ಜೋಳದ ಕಣಿಕೆಯಲ್ಲಿಯೂ, ಮರಳಿನ ಮುಖ್ಯ ವಸ್ತುವಾದ ಸಿಲಿಕಾದ ಸೂಕ್ಷ್ಮ ಕಣಗಳಿರುವುದರಿಂದ ಮತ್ತು ಮೇವಿನೊಡನೆ ಮಣ್ಣಿನ ಧೂಳೂ ಬಾಯಿಗೆ ಹೋಗುವುದರಿಂದ ಹಲ್ಲು ಸತತವಾಗಿ ಸವೆಯುತ್ತದೆ. ಅದಕ್ಕೆಂದೇ ದನದ ದವಡೆಹಲ್ಲು ಎತ್ತರವಾಗಿದ್ದು, ವಸಡಿನೊಳಗಿನ ಭಾಗವು ಮೇಲಿನದು ಸವೆದಂತೆಲ್ಲ ಹೊರಬರುತ್ತದೆ. ಹಲ್ಲಿನ ಹೊರಕವಚವಾದ ಎನಾಮಲ್ ಅತ್ಯಂತ ಗಡುಸು, ಅದರೊಳಗಿನ ಡೆಂಟಿನ್ ಅದಕ್ಕಿಂತ ಮೃದು. ದನದ ಹಲ್ಲಿನಲ್ಲಿ ಇವೆರಡೂ ಮಡಿಕೆ ಮಡಿಕೆಯಾಗಿ ಸೇರಿರುವುದರಿಂದ, ಮೃದುವಾದದ್ದು ಬೇಗ ಸವೆದು ಗಡುಸಾದದ್ದು ಅರ್ಧಚಂದ್ರಾಕಾರದ ಏಣುಗಳಾಗಿ ನಿಲ್ಲುತ್ತದೆ. ಬೀಸುಕಲ್ಲು ಸವೆದು ನುಣುಪಾದರೆ ಅದಕ್ಕೆ ಮತ್ತೆ ಉಳಿಯ ಪೆಟ್ಟು ಹಾಕಿಸಬೇಕಾಗುತ್ತದೆ. ಧಾರವಾಡಿ ಎಮ್ಮೆಯ ದವಡೆಯಲ್ಲಿ ಆ ಕೆಲಸವನ್ನು ಮೇವೇ ಮಾಡುತ್ತದೆ. ಬೀಸುಕಲ್ಲಿನಂತೆಯೇ ಕೆಳದವಡೆಯೂ ಪಕ್ಕಕ್ಕೆ ಚಲಿಸುವುದನ್ನು ಮೆಲುಕು ಹಾಕುವ ಎಮ್ಮೆಯಲ್ಲಿ ಕಾಣಬಹುದು.

ಮಾಂಸಾಹಾರಿಗಳ ಬಾಯಿ ಇದಕ್ಕೆ ತೀರ ಬೇರೆಯಾದದ್ದು. 2021ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಸುತ್ತ ಕಾಣಿಸಿಕೊಂಡು ಜನರಲ್ಲಿ ಭೀತಿ ಹುಟ್ಟಿಸಿದ ಚಿರತೆಯಂಥ ಪ್ರಾಣಿಗೆ 30 ಹಲ್ಲುಗಳಿದ್ದು, ಉದ್ದನೆಯ ಕೋರೆಹಲ್ಲುಗಳು ಬೇಟೆಯನ್ನು ಹಿಡಿದು ಕೊಲ್ಲುವುದಕ್ಕೂ, ದವಡೆಯ ಎರಡೂ ಬದಿಯಲ್ಲಿ ಒಂದನ್ನೊಂದು ಉಜ್ಜುವಂತಿರುವ ಅಲಗಿನ ಹಲ್ಲುಗಳು ಕತ್ತರಿಯಂತೆ ಮಾಂಸವನ್ನು ತುಂಡರಿಸುವುದಕ್ಕೂ ಒದಗುತ್ತವೆ. ಅದರ ದವಡೆಯ ಕೀಲು ಬಿಗಿಯಾಗಿದ್ದು ಮುಖ್ಯವಾಗಿ ಮೇಲೆ ಕೆಳಗೆ ಆಡುತ್ತದೆಯೇ ಹೊರತು ದನದಂತೆ ಅಡ್ಡಲಾಗಿ ಅರೆಯಲಾರದು. ನಾಯಿಗೆ ಈ ಕತ್ತರಿಹಲ್ಲುಗಳ ಹಿಂದೆ ಜಜ್ಜಲು ನೆರವಾಗುವ ಅಗಲವಾದ ಹಲ್ಲುಗಳೂ ಇದ್ದು ಒಟ್ಟು ಸಂಖ್ಯೆ 42 ಆಗುವುದರಿಂದ, ಅದು ಎಲುಬಿನ ಜೊತೆಗೆ ರೊಟ್ಟಿಯ ತುಣುಕನ್ನೂ ತಿಂದು ಬದುಕುತ್ತದೆ. ಹಂದಿಯ ಮತ್ತು ಮನುಷ್ಯನ ದವಡೆಹಲ್ಲುಗಳು ದುಂಡನೆಯ ಉಬ್ಬುಗಳಿಂದ ಕೂಡಿದ್ದು, ಕಾಳು, ಗೆಡ್ಡೆ, ಮಾಂಸಗಳೆಲ್ಲಕ್ಕೂ ಒಗ್ಗುತ್ತವೆ.

ಸವೆತವನ್ನು ಎದುರಿಸುವ ದಾರಿಯೂ ಪ್ರಾಣಿಯಿಂದ ಪ್ರಾಣಿಗೆ ಬೇರೆ. ಇಲಿಯ ಬಾಚಿಹಲ್ಲುಗಳು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ ಮತ್ತು ಅವುಗಳ ಮುಂಬದಿಯಲ್ಲಿ ಮಾತ್ರ ಎನಾಮಲ್ ಇರುವುದರಿಂದ, ಹಿಂಬದಿ ಬೇಗ ಸವೆದು ತುದಿಯು ಉಳಿಯಂತೆ ಹರಿತವಾಗಿ ಉಳಿಯುತ್ತದೆ. ದಾಂಡೇಲಿಯ ಕಾಡಿನ ಆನೆಗೆ ಪ್ರತಿ ದವಡೆಯ ಪ್ರತಿ ಬದಿಯಲ್ಲಿ ಜೀವಮಾನಕ್ಕೆ ಆರು ಅರೆಯುವ ಹಲ್ಲುಗಳು ಒಂದರ ಹಿಂದೊಂದರಂತೆ ಹಿಂದಿನಿಂದ ಮುಂದಕ್ಕೆ ಸರಿದು ಬರುತ್ತವೆ. ಅದರ ದಂತಗಳಾದರೋ ಉದ್ದಕ್ಕೆ ಬೆಳೆದ ಬಾಚಿಹಲ್ಲುಗಳು. ಆರನೆಯದೂ ಸವೆದುಹೋದ ಮುದಿ ಆನೆಯು ಮೇವನ್ನು ಅರೆಯಲಾರದೆ ಸೊರಗುತ್ತದೆ.

ದನಕ್ಕೆ ಹೀಗೆ ಬದಲಿ ಹಲ್ಲುಗಳಿಲ್ಲ. ಆದ್ದರಿಂದ ಬಾಯಿಗೂಡಿದ ಎತ್ತಿನಲ್ಲಿ ಕೊಳ್ಳುವವನು ಹಲ್ಲಿನ ಎಣಿಕೆಯನ್ನು ಬಿಟ್ಟು ಸವೆತವನ್ನು ನೋಡುತ್ತಾನೆ; ಬಾಚಿಹಲ್ಲುಗಳು ಮೋಟಾಗಿ, ನಡುವೆ ಸಂದು ಬಿಟ್ಟಿದ್ದರೆ, ಅದು ತಿಂದ ಕಣಿಕೆಯ ಲೆಕ್ಕವೆಲ್ಲ ಅಲ್ಲಿಯೇ ತಿಳಿದು ಬೆಲೆ ಇಳಿಯುತ್ತದೆ.