ಬಚ್ಚಲ ಮೋರಿಯೂ ಅದರ ಶುದ್ಧಿಯೂ

ಮನೆಯಲ್ಲಿ ದೀಪ ಆರಿಹೋದರೆ ಆ ಕ್ಷಣವೇ ಎಲ್ಲರಿಗೂ ತಿಳಿಯುತ್ತದೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ನೆರೆಮನೆಯವರಿಗೂ ತಿಳಿಯುತ್ತದೆ. ಆದರೆ ಬಚ್ಚಲ ಮೋರಿಯ ನೆನಪು ನಮಗಾಗುವುದು ಅದು ಕಟ್ಟಿಕೊಂಡ ದಿನ ಮಾತ್ರ. ಆ ದಿನವು ಬಹುಮಟ್ಟಿಗೆ ಹಬ್ಬದ ದಿನವೋ ನೆಂಟರು ಬಂದಿಳಿದ ದಿನವೋ ಆಗಿರುವುದು ಕೇವಲ ಆಕಸ್ಮಿಕವಲ್ಲ. ಅಂದು ಅಡಿಗೆ ಹೆಚ್ಚು, ಎಣ್ಣೆ ತುಪ್ಪಗಳು ಹೆಚ್ಚು, ತೊಳೆಯುವ ಪಾತ್ರೆಗಳೂ ಹೆಚ್ಚು. ಕೊಳೆನೀರು ಇಳಿಯದೆ ಮೇಲೇರತೊಡಗಿದಾಗ ಮನೆಯವರಲ್ಲಿ ಒಬ್ಬರು ಕಡ್ಡಿಯಿಂದ ತಿವಿಯುವರು, ಇನ್ನೊಬ್ಬರು ಅಂಗಡಿಗೆ ಓಡಿ ಯಾವುದೋ ಪುಡಿಯ ಪೊಟ್ಟಣವನ್ನು ತರುವರು. ಮೋರಿ ಏಕೆ ಕಟ್ಟಿಕೊಂಡಿತು, ಅಲ್ಲಿ ಸುರಿದ ಪುಡಿ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ. ಆ ವಿಚಾರವನ್ನು ಇಲ್ಲಿ ಮಾಡೋಣ.

ನಮ್ಮಲ್ಲಿ ಅನೇಕರ ಅಜ್ಜ ಅಜ್ಜಿಯರು ಕರ್ನಾಟಕದ ಹಳ್ಳಿ ಪಟ್ಟಣಗಳಿಂದ ಬಂದು ಈ ಕಡೆ ನೆಲೆಸಿದವರು. ರಜೆಯಲ್ಲಿ ಊರಿಗೆ ಹೋದವರು ಅಲ್ಲಿಯ ಹಳೆಯ ಮನೆಗಳ ಬಚ್ಚಲನ್ನು ನೋಡಿರಬಹುದು. ಗೋಡೆಯ ಬುಡದ ಕಂಡಿಯಿಂದ ಹೊರಬಿದ್ದ ನೀರು ನಾಲ್ಕು ಮಾರು ಹರಿಯುವಷ್ಟರಲ್ಲಿ ಬಾಳೆಯ ಬುಡವನ್ನೋ ಕೆಸುವಿನ ಮಡಿಯನ್ನೋ ಸೇರುತ್ತಿತ್ತು. ಪಾತ್ರೆಗೆ ಬೂದಿ ಮತ್ತು ತೆಂಗಿನ ನಾರು, ತಲೆಗೆ ಸೀಗೆಪುಡಿ, ಬಟ್ಟೆಗೆ ಅಂಟುವಾಳ ಕಾಯಿ ಇವೇ ಅಲ್ಲಿಯ ಶುದ್ಧಿಸಾಧನಗಳಾಗಿದ್ದುವು. ಬೂದಿಯನ್ನುಳಿದು ಮಿಕ್ಕವನ್ನು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಅರಗಿಸಿಕೊಳ್ಳಬಲ್ಲವು. ಮಹಡಿಯ ಮೇಲೆ ಮಹಡಿ ಏರಿರುವ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಾದರೋ ಸ್ಥಿತಿ ಬೇರೆ. ಇಲ್ಲಿ ಹತ್ತಾರು ಮನೆಗಳ ಕೊಳೆನೀರು ಒಂದೇ ನೆಟ್ಟನೆಯ ಕೊಳವೆಯಲ್ಲಿ ಇಳಿಯಬೇಕು. ನಾಲ್ಕನೆಯ ಮಹಡಿಯವರು ಚೆಲ್ಲಿದ ಜಿಡ್ಡು ಕೊಳವೆಯ ಬುಡದಲ್ಲಿ ಹೆಪ್ಪುಗಟ್ಟಿದರೆ ನೀರು ಉಕ್ಕುವುದು ನೆಲಮಹಡಿಯವರ ಅಡಿಗೆಮನೆಯಲ್ಲಿ. ತಪ್ಪು ಒಬ್ಬರದು, ಶಿಕ್ಷೆ ಮತ್ತೊಬ್ಬರಿಗೆ.

ಮೋರಿಯ ರಚನೆಯನ್ನು ಮೊದಲು ತಿಳಿಯೋಣ. ಬಚ್ಚಲ ನೆಲದ ಜಾಲರಿಯನ್ನು ಎತ್ತಿ ನೋಡಿದರೆ ಕೆಳಗೆ ಬಟ್ಟಲಿನಂತಹ ಭಾಗವೊಂದು ಕಾಣುತ್ತದೆ. ಅದರಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಇದನ್ನು ನಮ್ಮ ಕಡೆಯ ಕೆಲಸಗಾರರು ‘ನಾನಿ ಟ್ರ್ಯಾಪ್’ ಎನ್ನುವರು. ಮರಾಠಿಯಲ್ಲಿ ‘ನ್ಹಾಣಿ’ ಎಂದರೆ ಸ್ನಾನದ ಸ್ಥಳ. ಅಡಿಗೆಮನೆಯ ಸಿಂಕಿನ ಕೆಳಗೆ ಬಾಗಿದ ಕೊಳವೆಯೋ ಶೀಸೆಯಾಕಾರದ ತಿರುಪಿನ ಭಾಗವೋ ಇದೇ ಕೆಲಸವನ್ನು ಮಾಡುತ್ತದೆ. ನಿಂತ ನೀರು ಒಂದು ಬಾಗಿಲಿನಂತೆ ಇದ್ದು ಚರಂಡಿಯ ದುರ್ವಾಯು ಮನೆಯೊಳಗೆ ಬಾರದಂತೆ ತಡೆಯುತ್ತದೆ. ಕೊಳವೆಯನ್ನು ಹೀಗೆ ಬಗ್ಗಿಸಿ ನೀರನ್ನು ನಿಲ್ಲಿಸುವ ಉಪಾಯಕ್ಕೆ ೧೭೭೫ರಲ್ಲಿ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರದ ಕುಶಲಕರ್ಮಿಯು ಲಂಡನ್ನಿನಲ್ಲಿ ಹಕ್ಕುಪತ್ರ ಪಡೆದನು. ಆದರೆ ಕಸವನ್ನು ಮಧ್ಯದಲ್ಲಿ ತಡೆದು ತೆಗೆಯಬೇಕೆಂಬ ಅರಿವು ಅದಕ್ಕಿಂತಲೂ ಬಹು ಪ್ರಾಚೀನವಾದುದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಮೊಹೆಂಜೊದಾರೊ ನಗರದ ಇಟ್ಟಿಗೆಯ ಚರಂಡಿಗಳಲ್ಲಿ ಅಲ್ಲಲ್ಲಿ ಕಸ ತಂಗುವ ಗುಂಡಿಗಳಿದ್ದುವು. ಶುಚಿಮಾಡಲು ಅನುಕೂಲವಾಗುವಂತೆ ಮುಚ್ಚಳಗಳನ್ನು ಎತ್ತಿಡಬಹುದಾಗಿತ್ತು.

ಇನ್ನು ಮೋರಿ ಕಟ್ಟಿಕೊಳ್ಳುವ ಬಗೆ. ಅಡಿಗೆಮನೆಯಲ್ಲಿ ಮುಖ್ಯ ಅಪರಾಧಿ ಜಿಡ್ಡು. ಬಿಸಿಯಾಗಿದ್ದಾಗ ನೀರಿನಂತೆ ಹರಿದುಹೋದ ತುಪ್ಪ ಎಣ್ಣೆಗಳು ತಣ್ಣನೆಯ ಕೊಳವೆಯ ಒಳಮೈಗೆ ಅಂಟಿಕೊಳ್ಳುತ್ತವೆ. ಆ ಅಂಟಿಗೆ ಅನ್ನದ ಅಗುಳು, ಗಂಜಿ, ತೆಂಗಿನ ತುರಿ, ಒಗ್ಗರಣೆಯ ಕರಿಬೇವು, ಕಾಫಿಯ ಚರಟ ಎಲ್ಲವೂ ಒಂದೊಂದಾಗಿ ಸೇರುತ್ತವೆ. ಸ್ನಾನದ ಮನೆಯಲ್ಲಿ ಕೂದಲು ಮತ್ತು ಸಾಬೂನುಗಳ ಜೊತೆಗಾರಿಕೆ. ಕೂದಲು ಬಲೆಯಾಗುವುದು, ಸಾಬೂನಿನ ಲೋಳೆ ಅದಕ್ಕೆ ಗಾರೆಯಾಗುವುದು. ಕೊಳವೆ ಬಾವಿಯ ಗಡಸು ನೀರಾದರೆ ಅದರಲ್ಲಿರುವ ಸುಣ್ಣದ ಅಂಶವು ಸಾಬೂನಿನೊಡನೆ ಸೇರಿ ಕರಗದ ಕೆನೆಯಾಗುತ್ತದೆ. ಜಿಡ್ಡು ಎಷ್ಟರಮಟ್ಟಿಗೆ ಬೆಳೆಯಬಲ್ಲುದೆಂಬುದಕ್ಕೆ ಲಂಡನ್ ನಗರದ ನಿದರ್ಶನವೊಂದುಂಟು. ೨೦೧೭ರಲ್ಲಿ ಅಲ್ಲಿಯ ವೈಟ್‌ಚಾಪೆಲ್ ಎಂಬಲ್ಲಿ ನೆಲದಡಿಯ ಚರಂಡಿಯೊಳಗೆ ಸುಮಾರು ೨೫೦ ಮೀಟರು ಉದ್ದದ, ೧೩೦ ಟನ್ನು ತೂಕದ ಜಿಡ್ಡಿನ ಬಂಡೆಯೊಂದು ಸಿಕ್ಕಿತು. ಅದು ಸಾವಿರಾರು ಬಾಣಲೆಗಳಿಂದ ಚಮಚ ಚಮಚವಾಗಿ ಇಳಿದುಬಂದದ್ದು!

ರೋಗವನ್ನು ತಿಳಿದಮೇಲೆ ಮದ್ದು. ಮೊದಲನೆಯ ಮದ್ದು ಕೈಯ ಕೆಲಸವೇ. ಜಾಲರಿಯನ್ನು ಎತ್ತಿ, ಹಳೆಯ ಕೈಗವಸು ತೊಟ್ಟು, ಕೂದಲನ್ನು ಬಾಗಿದ ತಂತಿಯಿಂದ ಎಳೆದು ತೆಗೆದರೆ ಬಚ್ಚಲ ತೊಂದರೆ ಬಹುಮಟ್ಟಿಗೆ ಮುಗಿಯಿತು. ಕೂದಲನ್ನು ಕರಗಿಸುವ ಶಕ್ತಿ ನಿಂಬೆಗೂ ಇಲ್ಲ, ಅಡಿಗೆ ಸೋಡಾಕ್ಕೂ ಇಲ್ಲ. ಸಿಂಕು ಕಟ್ಟಿಕೊಂಡಿದ್ದರೆ ರಬ್ಬರಿನ ಬಟ್ಟಲುಳ್ಳ ಹಿಡಿಕೋಲನ್ನು ಕಂಡಿಯ ಮೇಲೆ ಇಟ್ಟು, ಸುತ್ತಲೂ ಸ್ವಲ್ಪ ನೀರು ನಿಲ್ಲಿಸಿ, ಹತ್ತಾರು ಬಾರಿ ಒತ್ತಿ ಎತ್ತಬೇಕು. ನೀರಿನ ಒತ್ತಡವು ಹಿಂದಕ್ಕೂ ಮುಂದಕ್ಕೂ ತಳ್ಳಿ ಅಡಚಣೆಯನ್ನು ಸಡಲಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಕೆಳಗೆ ಬಕೆಟ್ಟನ್ನು ಇಟ್ಟು ತಿರುಪಿನ ಭಾಗವನ್ನು ಬಿಚ್ಚಿ ತೊಳೆಯಬೇಕು. ಇದು ದೊಡ್ಡವರ ನೆರವಿನಿಂದ ಮಾಡತಕ್ಕ ಕೆಲಸ.

ಎರಡನೆಯ ಮದ್ದು ಕ್ಷಾರ. ಮನೆಗಳಲ್ಲಿ ಸಿಕ್ಕುವ ಕ್ಷಾರಗಳಲ್ಲಿ ಮೂರು ಮೆಟ್ಟಿಲುಗಳುಂಟು. ಅಡಿಗೆ ಸೋಡಾ ಬಹಳ ಸೌಮ್ಯ, ಬಟ್ಟೆ ಒಗೆಯುವ ಸೋಡಾ ಅದಕ್ಕಿಂತ ಬಲವುಳ್ಳದ್ದು, ಕಾಸ್ಟಿಕ್ ಸೋಡಾ ಎಂಬುದು ಉಗ್ರ. ಜಿಡ್ಡಿಗೆ ಮಧ್ಯದ ಮೆಟ್ಟಿಲೇ ಸಾಕು. ವಾರಕ್ಕೊಮ್ಮೆ ಅರ್ಧ ಲೋಟ ಒಗೆಯುವ ಸೋಡಾವನ್ನು ಎರಡು ತಂಬಿಗೆ ಬಿಸಿನೀರಿನಲ್ಲಿ ಕರಗಿಸಿ ಮೆಲ್ಲನೆ ಸುರಿದು, ಅರ್ಧ ಗಂಟೆಯ ಮೇಲೆ ಮತ್ತೆ ಬಿಸಿನೀರನ್ನು ಹಾಕಬೇಕು. ಕ್ಷಾರವು ಜಿಡ್ಡಿನ ಒಂದಂಶವನ್ನು ಸಾಬೂನಾಗಿ ಮಾರ್ಪಡಿಸುತ್ತದೆ, ಉಳಿದುದನ್ನು ನೀರಿನಲ್ಲಿ ಸಣ್ಣ ಕಣಗಳಾಗಿ ಬಿಡಿಸುತ್ತದೆ. ಬೂದಿಯಿಂದ ನಮ್ಮ ಅಜ್ಜಿಯರು ಪಡೆಯುತ್ತಿದ್ದುದೂ ಇಂತಹ ಕ್ಷಾರದ ಗುಣವನ್ನೇ. ಆದರೆ ಬೂದಿಯನ್ನು ಇಂದಿನ ಕೊಳವೆಗೆ ಸುರಿಯಬಾರದು. ಅದು ಕರಗದೆ ತಳದಲ್ಲಿ ಕೂರುತ್ತದೆ. ನೀರು ಕೊತಕೊತನೆ ಕುದಿಯುತ್ತಿರಲೂಬಾರದು. ಇಂದಿನ ಕಟ್ಟಡಗಳ ಪಿವಿಸಿ ಕೊಳವೆಗಳೂ ಅವುಗಳ ಬೆಸುಗೆಗಳೂ ಅಂತಹ ಶಾಖದಿಂದ ಮೆತ್ತಗಾಗುವುವು.

ಬರಿಯ ಬಿಸಿನೀರು ಸಾಲದೇ ಎಂದು ಕೇಳಬಹುದು. ಇದನ್ನು ನೀವೇ ಪರೀಕ್ಷಿಸಿ ನೋಡಿರಿ. ಎರಡು ಲೋಟಗಳಲ್ಲಿ ಬಿಸಿನೀರು ತೆಗೆದುಕೊಂಡು, ಒಂದಕ್ಕೆ ಮಾತ್ರ ಒಗೆಯುವ ಸೋಡಾ ಬೆರೆಸಿ, ಎರಡಕ್ಕೂ ಅರ್ಧ ಚಮಚ ತುಪ್ಪ ಹಾಕಿ ಚೆನ್ನಾಗಿ ಕಲಕಿರಿ. ತಣ್ಣಗಾದ ಮೇಲೆ ಬರಿಯ ನೀರಿನ ಲೋಟದಲ್ಲಿ ತುಪ್ಪವು ಮತ್ತೆ ಮೇಲೆ ಬಿಲ್ಲೆಯಾಗಿ ನಿಲ್ಲುವುದು; ಸೋಡಾ ಬೆರೆತ ಲೋಟದಲ್ಲಿ ನೀರು ಮಸುಕಾಗಿ ಬಿಲ್ಲೆ ಒಡೆದಂತಿರುವುದು. ಬರಿಯ ಬಿಸಿನೀರು ಜಿಡ್ಡನ್ನು ನಮ್ಮ ಮನೆಯಿಂದ ಕೆಳಗಿನ ಮನೆಯವರೆಗೆ ಸಾಗಿಸುವುದೇ ಹೊರತು ನಾಶಮಾಡುವುದಿಲ್ಲ.

ಮೂರನೆಯದು ಆಮ್ಲ. ನಿಂಬೆ, ಹುಣಿಸೆ, ವಿನೆಗರ್ ಇವು ಸುಣ್ಣದ ಕಲೆಯನ್ನು ಕರಗಿಸುತ್ತವೆ, ವಾಸನೆಯನ್ನು ತಗ್ಗಿಸುತ್ತವೆ. ಜಿಡ್ಡಿನ ಮುಂದೆ ಮಾತ್ರ ಸೋಲುತ್ತವೆ. ಅಡಿಗೆ ಸೋಡಾ ಮತ್ತು ವಿನೆಗರ್‌ಗಳನ್ನು ಒಟ್ಟಿಗೆ ಸುರಿಯಬೇಕೆಂಬ ಸಲಹೆಯನ್ನು ನಾವೆಲ್ಲ ಕೇಳಿದ್ದೇವೆ. ಸುರಿದೊಡನೆ ಬುಸುಬುಸು ನೊರೆಯೇಳುವುದನ್ನು ಕಂಡು ಮೋರಿ ಶುದ್ಧವಾಯಿತೆಂದು ಹಿಗ್ಗುತ್ತೇವೆ. ಆದರೆ ರಸಾಯನಶಾಸ್ತ್ರವೇನು ಹೇಳುತ್ತದೆ? ಆಮ್ಲ ಕ್ಷಾರಗಳು ಒಂದನ್ನೊಂದು ತಟಸ್ಥಗೊಳಿಸಿ, ಕೊನೆಗೆ ಉಳಿಯುವುದು ನೀರು, ಒಂದು ಸಾಧು ಲವಣ ಮತ್ತು ಇಂಗಾಲಾಮ್ಲ ವಾಯು. ಆ ವಾಯುವಿನ ಗುಳ್ಳೆಗಳು ಸಡಿಲವಾದ ಲೋಳೆಯನ್ನು ಅಲುಗಿಸಬಲ್ಲವು. ಗಟ್ಟಿಯಾದ ಜಿಡ್ಡನ್ನು ಮುಟ್ಟಲಾರವು. ಆದುದರಿಂದ ಇದನ್ನು ತಿಂಗಳಿಗೊಮ್ಮೆ ಮಾಡುವ ಸಣ್ಣ ಶುದ್ಧಿಯೆಂದು ಎಣಿಸಬೇಕು, ಕಟ್ಟಿಹೋದ ಮೋರಿಯ ಸಂಜೀವಿನಿಯೆಂದಲ್ಲ.

ಹಣ್ಣಿನ ಸಿಪ್ಪೆಗಳಿಂದ ಮಾಡುವ ಹುಳಿದ್ರವವೂ ಇತ್ತೀಚೆಗೆ ಪ್ರಚಾರದಲ್ಲಿದೆ. ಬೆಲ್ಲ ಒಂದು ಪಾಲು, ನಿಂಬೆ ಕಿತ್ತಳೆಗಳ ಸಿಪ್ಪೆ ಮೂರು ಪಾಲು, ನೀರು ಹತ್ತು ಪಾಲು, ಇವನ್ನು ಪ್ಲಾಸ್ಟಿಕ್ ಶೀಸೆಯಲ್ಲಿ ಮೇಲೆ ಜಾಗ ಬಿಟ್ಟು ತುಂಬಿ ಮೂರು ತಿಂಗಳು ಇಡಬೇಕು. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳವನ್ನು ಸಡಲಿಸಿ ವಾಯುವನ್ನು ಹೊರಬಿಡದಿದ್ದರೆ ಶೀಸೆ ಸಿಡಿಯಬಹುದು. ಸೋಸಿದ ದ್ರವದಲ್ಲಿ ಮುಖ್ಯವಾಗಿರುವುದು ವಿನೆಗರ್‌ನ ಆಮ್ಲವೇ. ಅದು ನೆಲವನ್ನೂ ಜಾಲರಿಯನ್ನೂ ಚೊಕ್ಕಟಗೊಳಿಸಿ ವಾಸನೆಯನ್ನು ಕಳೆಯಲು ಯೋಗ್ಯವಾದುದು. ಅದರಿಂದ ಪವಾಡವನ್ನು ನಿರೀಕ್ಷಿಸಬಾರದು.

ಅಂಗಡಿಯ ಉಗ್ರ ಪುಡಿಗಳ ವಿಷಯದಲ್ಲಿ ಎಚ್ಚರಿಕೆಯ ಮಾತು ಅವಶ್ಯ. ಅವುಗಳಲ್ಲಿ ಬಹಳಷ್ಟರಲ್ಲಿರುವ ಕಾಸ್ಟಿಕ್ ಸೋಡಾ ಕೂದಲನ್ನೂ ಜಿಡ್ಡನ್ನೂ ತಿನ್ನುತ್ತದೆ, ನಿಜ. ಆದರೆ ಚರ್ಮವನ್ನೂ ಕಣ್ಣನ್ನೂ ತಿನ್ನುತ್ತದೆ. ನೀರಿಗೆ ಬಿದ್ದೊಡನೆ ಕಾವೇರಿ ಸಿಡಿಯಬಹುದು. ವಿದ್ಯಾರ್ಥಿಗಳು ಅದನ್ನು ಮುಟ್ಟಲೇಬಾರದು. ಬ್ಲೀಚಿಂಗ್ ಪೌಡರನ್ನೂ ಪಾಯಿಖಾನೆಯ ಆ್ಯಸಿಡನ್ನೂ ಎಂದಿಗೂ ಒಟ್ಟಿಗೆ ಸುರಿಯಬಾರದು. ಅವೆರಡೂ ಸೇರಿದರೆ ಕ್ಲೋರಿನ್ ಎಂಬ ವಿಷವಾಯು ಹೊರಡುತ್ತದೆ. ೧೯೧೫ರಲ್ಲಿ ಬೆಲ್ಜಿಯಮ್ಮಿನ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ವಾಯುವನ್ನು.

ಇಷ್ಟಕ್ಕೂ ಮೋರಿಯಿಂದ ಇಳಿದದ್ದು ಎಲ್ಲಿಗೆ ಹೋಗುವುದು? ಕೆಲವು ಕಟ್ಟಡಗಳಲ್ಲಿ ಅದು ನೆಲದಡಿಯ ಮಲತೊಟ್ಟಿಗೆ, ಕೆಲವೆಡೆ ನಗರದ ಶುದ್ಧೀಕರಣ ಕೇಂದ್ರಕ್ಕೆ, ಇನ್ನು ಕೆಲವೆಡೆ ನೇರವಾಗಿ ನಾಲೆಗೆ ಸೇರುತ್ತದೆ. ತೊಟ್ಟಿಯಲ್ಲಾಗಲಿ ಕೇಂದ್ರದಲ್ಲಾಗಲಿ ಕೊಳೆಯನ್ನು ಅರಗಿಸುವವು ಊರಿನ ಬಾಳೆಯ ಬುಡದಲ್ಲಿದ್ದಂತಹ ಸೂಕ್ಷ್ಮಜೀವಿಗಳೇ. ಉಗ್ರ ರಾಸಾಯನಿಕಗಳನ್ನು ಧಾರಾಳವಾಗಿ ಸುರಿದರೆ ಆ ಮೂಕ ಸೇವಕರು ಸಾಯುತ್ತಾರೆ. ಕೊನೆಗೆ ಎಲ್ಲ ನೀರಿಗೂ ಉಲ್ಹಾಸ ನದಿಯ ಅಳಿವೆಯೋ ಠಾಣೆಯ ಖಾಡಿಯೋ ಗತಿ. ಇದೇ ಉಲ್ಹಾಸ ನದಿಯ ನೀರನ್ನು ಮೇಲ್ಭಾಗದಲ್ಲಿ ಎತ್ತಿ, ಶುದ್ಧಗೊಳಿಸಿ, ಕಲ್ಯಾಣ ಡೊಂಬಿವಲಿಗಳ ನಲ್ಲಿಗಳಿಗೆ ಕೊಡುತ್ತಾರೆ. ಠಾಣೆಯ ಖಾಡಿಯ ಕೆಸರಿನಲ್ಲಿ ಚಳಿಗಾಲದಲ್ಲಿ ರಾಜಹಂಸಗಳ ಹಿಂಡುಗಳು ಬಂದು ಮೇಯುತ್ತವೆ. ೨೦೨೨ರಲ್ಲಿ ಈ ಖಾಡಿಯು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶವೆಂಬ ಮನ್ನಣೆಯನ್ನು ಪಡೆಯಿತು. ನಮ್ಮ ಸಿಂಕಿಗೂ ಆ ಹಕ್ಕಿಯ ಊಟಕ್ಕೂ ನಡುವೆ ಇರುವುದು ಒಂದು ಕೊಳವೆ ಮಾತ್ರ.

ಅದಕ್ಕಿಂತಲೂ ಗಂಭೀರವಾದ ಸಂಗತಿಯೊಂದುಂಟು. ಬೀದಿಯ ಚರಂಡಿ ಕಟ್ಟಿಕೊಂಡಾಗ ಅದನ್ನು ಬಿಡಿಸುವವರು ಯಾರು? ಮುಚ್ಚಿದ ಗುಂಡಿಗಳಲ್ಲಿ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯು ತುಂಬಿರುತ್ತದೆ. ಅಲ್ಲಿಗೆ ಇಳಿದ ಎಷ್ಟೋ ಮಂದಿ ಬಡ ಕೆಲಸಗಾರರು ಮೇಲೆ ಬರಲೇ ಇಲ್ಲ. ರಕ್ಷಣಾಸಾಧನಗಳಿಲ್ಲದೆ ಮನುಷ್ಯನನ್ನು ಚರಂಡಿಗೆ ಇಳಿಸುವುದು ೨೦೧೩ರ ಕಾನೂನಿನಂತೆ ಅಪರಾಧ. ಹೀಗೆ ಪ್ರಾಣ ತೆತ್ತವರ ಕುಟುಂಬಕ್ಕೆ ೩೦ ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ರಲ್ಲಿ ತೀರ್ಪಿತ್ತಿತು. ಕರ್ನಾಟಕದ ಕೋಲಾರ ಚಿನ್ನದ ಗಣಿಯಲ್ಲಿ, ಕೈಯಿಂದ ಮಲ ಬಳಿಯುವ ಕೆಲಸಕ್ಕೆ ಕಟ್ಟುಬಿದ್ದ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಈ ಅನ್ಯಾಯವನ್ನು ಕೊನೆಗಾಣಿಸಲು ತಮ್ಮ ಜೀವನವನ್ನೇ ಮುಡಿಪಾಗಿಟ್ಟು ೨೦೧೬ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯನ್ನು ಪಡೆದರು. ಕಾನೂನು ಬಂದರೂ ಸಾವುಗಳು ಇನ್ನೂ ನಿಂತಿಲ್ಲ. ನಾವು ಮೋರಿಗೆ ತಳ್ಳುವ ಒಂದೊಂದು ಹಿಡಿ ಕಸವೂ ಯಾರನ್ನೋ ಆ ಗುಂಡಿಯ ಬಾಯಿಗೆ ಕರೆಯುತ್ತದೆ.

ಹಾಗಾದರೆ ನಮ್ಮಿಂದ ಆಗಬಹುದಾದುದೇನು? ಜಿಡ್ಡಿನ ಬಾಣಲೆಯನ್ನು ತೊಳೆಯುವ ಮೊದಲು ಹಳೆಯ ಕಾಗದದಿಂದ ಒರಸೋಣ. ಕಾಫಿಯ ಚರಟವನ್ನು ಕಿಟಕಿಯ ಕುಂಡದ ಗಿಡಕ್ಕೆ ಅಷ್ಟಷ್ಟಾಗಿ ಹಾಕೋಣ. ಸಿಂಕಿನ ಕಂಡಿಗೆ ಒಂದು ಚಿಕ್ಕ ಜಾಲರಿ ಇಡೋಣ. ತಲೆ ಬಾಚಿದ ಕೂದಲನ್ನು ಸುತ್ತಿ ಕಸದ ಬುಟ್ಟಿಗೆ ಹಾಕೋಣ. ಇವುಗಳಿಗೆ ಬೇಕಾದುದು ಹಣವಲ್ಲ, ಅರ್ಧ ನಿಮಿಷದ ಗಮನ. ಊಟವಾದ ಮೇಲೆ ತಟ್ಟೆಯಲ್ಲಿ ಉಳಿದುದನ್ನು ಬುಟ್ಟಿಗೆ ಕೊಡವಿ ಅನಂತರ ಸಿಂಕಿಗೆ ಇಡುವ ಕೆಲಸವನ್ನು ಇಂದು ರಾತ್ರಿಯೇ ಆರಂಭಿಸಬಹುದು. ಮನೆಯ ಮುಂಬಾಗಿಲಿನ ರಂಗೋಲಿಯನ್ನು ನೋಡಿ ಜನರು ಮೆಚ್ಚುತ್ತಾರೆ, ಅದು ಸರಿಯೇ. ಹಿಂಬದಿಯ ಮೋರಿಯನ್ನು ಯಾರೂ ನೋಡುವುದಿಲ್ಲ. ಅದನ್ನೂ ಚೊಕ್ಕಟವಾಗಿಟ್ಟುಕೊಂಡವರ ಮನೆಯೇ ನಿಜವಾಗಿ ಶುಚಿಯಾದ ಮನೆ.